ರೂಟ್ ಫಿಲ್ಟರ್: ಅಡ್ರೆಸ್ ನೋಡಿದರೆ ಸಾಲದು, ಮಾಸ್ಕನ್ನೂ ನೋಡಬೇಕು

ಪ್ರಶ್ನೆ: ಸರ್, ಪಕ್ಕದ ನೆಟ್‌ವರ್ಕಿನವರ ಜೊತೆ ನಮ್ಮ ರೂಟರ್ ಬಿಜಿಪಿ (ಯಾವ ಅಡ್ರೆಸ್‌ಗಳಿಗೆ ದಾರಿ ಎಲ್ಲಿದೆ ಎಂದು ನೆಟ್‌ವರ್ಕ್‌ಗಳು ಪರಸ್ಪರ ಹೇಳಿಕೊಳ್ಳುವ ಪ್ರೋಟೋಕಾಲ್) ಮಾತಾಡುತ್ತದೆ. ಅವರಿಂದ 198.51.100.0/24 ಒಂದನ್ನೇ ತೆಗೆದುಕೊಂಡರೆ ಸಾಕು. ಅದಕ್ಕೆ ‘ಆಕ್ಸೆಸ್-ಲಿಸ್ಟ್ 10 ಪರ್ಮಿಟ್ 198.51.100.0 0.0.0.255’ ಎಂದು ಬರೆದು, ಡಿಸ್ಟ್ರಿಬ್ಯೂಟ್ ಲಿಸ್ಟ್ (ರೂಟ್‌ಗಳನ್ನು ಸೋಸುವ ಲಿಸ್ಟ್) ಆಗಿ ಆ ನೇಬರ್ (ನಮ್ಮ ಜೊತೆ ಬಿಜಿಪಿ ಮಾತಾಡುವ ಆಚೆಯ ರೂಟರ್) ಮೇಲೆ ಒಳಮುಖವಾಗಿ ಹಾಕಿದೆ. ಆದರೂ 198.51.100.64/26, 198.51.100.128/25 ಎಲ್ಲ ಒಳಗೆ ಬರುತ್ತಿವೆ. ಲಿಸ್ಟ್ ಕೆಲಸ ಮಾಡ್ತಿಲ್ವಾ?

ಉತ್ತರ: ಕೆಲಸ ಮಾಡುತ್ತಿದೆ. ಅದಕ್ಕೆ ಮಾಸ್ಕ್ (ಅಡ್ರೆಸ್ಸಿನ ಮೊದಲ ಎಷ್ಟು ಬಿಟ್ ನೆಟ್‌ವರ್ಕಿನದು ಎಂಬ ಲೆಕ್ಕ, /24 ಎಂದರೆ 24 ಬಿಟ್) ಕಾಣುವುದಿಲ್ಲ, ಅಷ್ಟೇ.

ಸಿಸ್ಕೋ ಶೈಲಿಯ ರೂಟರ್‌ಗಳಲ್ಲಿ 1ರಿಂದ 99ರವರೆಗಿನ ನಂಬರಿನವು ಸ್ಟ್ಯಾಂಡರ್ಡ್ ಆಕ್ಸೆಸ್ ಲಿಸ್ಟ್‌ಗಳು. ಇವು ಹುಟ್ಟಿದ್ದು ಪ್ಯಾಕೆಟ್ ತಡೆಯುವುದಕ್ಕೆ. ಪ್ಯಾಕೆಟ್ಟಿನಲ್ಲಿ ಇರುವುದು ಅಡ್ರೆಸ್ ಮಾತ್ರ, ಮಾಸ್ಕ್ ಇರುವುದಿಲ್ಲ. ಆದ್ದರಿಂದ ಈ ಲಿಸ್ಟಿಗೆ ಮಾಸ್ಕ್ ನೋಡುವ ಅಭ್ಯಾಸವೇ ಇಲ್ಲ. ಅದನ್ನೇ ರೂಟ್‌ಗಳ ಮೇಲೆ ಹಾಕಿದಾಗ, ರೂಟಿನ ನೆಟ್‌ವರ್ಕ್ ನಂಬರನ್ನು ಮಾತ್ರ ಹೋಲಿಸಿ ನೋಡುತ್ತದೆ. ನಿಮ್ಮ ವೈಲ್ಡ್‌ಕಾರ್ಡ್ 0.0.0.255 ಅಂದರೆ ‘ಮೊದಲ 24 ಬಿಟ್ ಸರಿಹೊಂದಬೇಕು, ಕೊನೆಯ 8 ಬಿಟ್ ಏನಾದರೂ ಇರಲಿ’ ಎಂದರ್ಥ. 198.51.100.64ಕ್ಕೂ 198.51.100.128ಕ್ಕೂ ಮೊದಲ 24 ಬಿಟ್ ಸರಿಯಾಗಿಯೇ ಇದೆ. ಹಾಗಾಗಿ ಪಾಸ್. ಅವು /26ಓ /25ಓ ಎಂದು ಯಾರೂ ಕೇಳಲೇ ಇಲ್ಲ.

ವೈಲ್ಡ್‌ಕಾರ್ಡನ್ನು 0.0.0.0 ಮಾಡಿದರೆ ಸರಿಹೋಗುತ್ತದೆ ಎಂದು ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆಗ .64 ಮತ್ತು .128 ಹೊರಗೆ ಉಳಿಯುತ್ತವೆ, ನಿಜ. ಆದರೆ 198.51.100.0/25, 198.51.100.0/26, 198.51.100.0/30 ಈಗಲೂ ಬರುತ್ತವೆ, ಏಕೆಂದರೆ ಅವುಗಳ ನೆಟ್‌ವರ್ಕ್ ನಂಬರ್ ಒಂದೇ. ಇನ್ನೊಂದು ಕಡೆಯೂ ಬಾಗಿಲು ತೆರೆದಿದೆ. 100ನ್ನು 4ರಿಂದ ಭಾಗಿಸಬಹುದು ಅಲ್ವಾ? ಆದ್ದರಿಂದ 198.51.100.0/22 ಎಂಬ ದೊಡ್ಡ ಬ್ಲಾಕ್ ಕೂಡ ಅದೇ ನಂಬರಿನಿಂದ ಶುರುವಾಗುತ್ತದೆ. ಅವರು ಅದನ್ನು ಕಳಿಸಿದರೆ ಒಂದು /24ರ ಜಾಗದಲ್ಲಿ ನಾಲ್ಕು /24 ನಿಮ್ಮ ಟೇಬಲ್ಲಿಗೆ ಬಂದು ಕೂರುತ್ತವೆ.

ಹಳೆಯ ಕಾನ್ಫಿಗ್‌ಗಳಲ್ಲಿ ಇದಕ್ಕೊಂದು ಉಪಾಯ ಕಾಣುತ್ತದೆ: ‘ಆಕ್ಸೆಸ್-ಲಿಸ್ಟ್ 101 ಪರ್ಮಿಟ್ ಐಪಿ ಹೋಸ್ಟ್ 198.51.100.0 ಹೋಸ್ಟ್ 255.255.255.0’. 100ರಿಂದ 199ರವರೆಗಿನ ಎಕ್ಸ್‌ಟೆಂಡೆಡ್ ಲಿಸ್ಟನ್ನು ಬಿಜಿಪಿಯಲ್ಲಿ ಹಾಕಿದಾಗ, ಸೋರ್ಸ್ ಇರಬೇಕಾದ ಜಾಗದಲ್ಲಿ ನೆಟ್‌ವರ್ಕನ್ನೂ ಡೆಸ್ಟಿನೇಷನ್ ಜಾಗದಲ್ಲಿ ಮಾಸ್ಕನ್ನೂ ರೂಟರ್ ಓದಿಕೊಳ್ಳುತ್ತದೆ. ಕೆಲಸವೇನೋ ಆಗುತ್ತದೆ. ಆದರೆ ಆರ್‌ಐಪಿಯಂಥ, ಒಂದೇ ಸಂಸ್ಥೆಯ ಒಳಗೆ ಬಳಸುವ ಪ್ರೋಟೋಕಾಲ್‌ಗಳಲ್ಲಿ ಇದೇ ಸಾಲಿಗೆ ಬೇರೆ ಅರ್ಥ. ಅಲ್ಲಿ ಸೋರ್ಸ್ ಜಾಗ ಅಂದರೆ ರೂಟ್ ಕಳಿಸಿದ ನೇಬರ್, ಡೆಸ್ಟಿನೇಷನ್ ಜಾಗ ಅಂದರೆ ನೆಟ್‌ವರ್ಕ್. ರಾತ್ರಿ ಎರಡು ಗಂಟೆಗೆ ಎದ್ದು ಕಾನ್ಫಿಗ್ ಓದುವವರಿಗೆ ಈ ಗೊಂದಲ ಬೇಡ ಎಂಬುದು ನನ್ನ ಅಭಿಪ್ರಾಯ.

ರೂಟ್‌ಗಳಿಗೆಂದೇ ಮಾಡಿದ್ದು ಪ್ರಿಫಿಕ್ಸ್ ಲಿಸ್ಟ್ (ನೆಟ್‌ವರ್ಕ್ ನಂಬರ್, ಮಾಸ್ಕ್ ಎರಡೂ ಸೇರಿದರೆ ಪ್ರಿಫಿಕ್ಸ್). ಅದನ್ನೇ ಬಳಸಿ. ‘ಪರ್ಮಿಟ್ 198.51.100.0/24’ ಎಂದು ಬರೆದರೆ ಆ /24 ಒಂದೇ, ಬೇರೇನೂ ಇಲ್ಲ. ಅದರೊಳಗಿನ ಸಣ್ಣ ತುಂಡುಗಳೂ ಬೇಕಿದ್ದರೆ ಮುಂದೆ ‘ಎಲ್ಇ 26’ ಸೇರಿಸಿ. ಆಗ ಆ ಬ್ಲಾಕಿನೊಳಗಿನ /24, /25, /26 ಬರುತ್ತವೆ, /27 ಬರುವುದಿಲ್ಲ. ‘ಜಿಇ 25’ ಎಂದಷ್ಟೇ ಬರೆದರೆ /25ರಿಂದ /32ರವರೆಗೆ ಎಲ್ಲ ಬರುತ್ತವೆ, ಆದರೆ ಆ /24 ಮಾತ್ರ ಬರುವುದಿಲ್ಲ.

ಎರಡು ಸಾಲುಗಳ ವ್ಯತ್ಯಾಸವನ್ನು ಚೆನ್ನಾಗಿ ನೆನಪಿಡಿ. ‘0.0.0.0/0’ ಎಂದರೆ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯುವ ದಾರಿ) ಒಂದೇ. ‘0.0.0.0/0 ಎಲ್ಇ 32’ ಎಂದರೆ ಇಡೀ ಇಂಟರ್ನೆಟ್. ಪ್ರತಿ ಲಿಸ್ಟಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ‘ಎಲ್ಲಕ್ಕೂ ಡಿನೈ’ ಇರುತ್ತದೆ. ಹಾಗಾಗಿ ‘ಡಿನೈ 10.0.0.0/8 ಎಲ್ಇ 32’ ಎಂದು ಪ್ರೈವೇಟ್ ಅಡ್ರೆಸ್ ತಡೆದು, ಕೆಳಗೆ ‘ಪರ್ಮಿಟ್ 0.0.0.0/0 ಎಲ್ಇ 32’ ಹಾಕದೆ ಬಿಟ್ಟರೆ ಆ ನೇಬರ್‌ನಿಂದ ಒಂದು ರೂಟೂ ಬರುವುದಿಲ್ಲ. ಎಲ್ಇ 32 ಮರೆತು ಬರೀ 0.0.0.0/0 ಹಾಕಿದರೆ ಡಿಫಾಲ್ಟ್ ರೂಟ್ ಬಿಟ್ಟು ಬೇರೇನೂ ದಾಟುವುದಿಲ್ಲ. ಒಂದೇ ನೇಬರ್‌ಗೆ ಒಂದೇ ದಿಕ್ಕಿನಲ್ಲಿ ಡಿಸ್ಟ್ರಿಬ್ಯೂಟ್ ಲಿಸ್ಟನ್ನೂ ಪ್ರಿಫಿಕ್ಸ್ ಲಿಸ್ಟನ್ನೂ ಒಟ್ಟಿಗೆ ಹಾಕಲು ಆಗುವುದಿಲ್ಲ, ಆದ್ದರಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿ.

ಪ್ರಶ್ನೆ: ಒಂದು ನೆಟ್‌ವರ್ಕಿನಿಂದ ನಮ್ಮ ಸರ್ವರ್ ಮೇಲೆ ಸುಮ್ನೆ ಟ್ರಾಫಿಕ್ ಸುರಿಯುತ್ತಿದ್ದಾರೆ. ಅವರ ರೂಟನ್ನು ಒಳಬರುವ ಫಿಲ್ಟರಿನಲ್ಲಿ ಡಿನೈ ಮಾಡಿದರೆ ನಿಲ್ಲುತ್ತದಾ?

ಉತ್ತರ: ನಿಲ್ಲುವುದಿಲ್ಲ. ಅವರ ರೂಟ್ ನಿಮ್ಮಲ್ಲಿ ಇಲ್ಲದಿದ್ದರೆ ನಿಮ್ಮಿಂದ ಅವರ ಕಡೆಗೆ ಹೋಗುವ ಪ್ಯಾಕೆಟ್ ದಾರಿಯಿಲ್ಲದೆ ಬಿದ್ದುಹೋಗುತ್ತದೆ ಅಥವಾ ಡಿಫಾಲ್ಟ್ ರೂಟ್ ಹಿಡಿದು ಹೋಗುತ್ತದೆ. ಅವರು ನಿಮ್ಮ ಕಡೆ ಕಳಿಸುವುದಕ್ಕೆ ಬೇಕಾದದ್ದು ನೀವು ಹೊರಗೆ ಹೇಳಿಕೊಂಡ ರೂಟ್, ಅದು ಅವರಲ್ಲಿ ಹಾಗೇ ಇದೆ. ಒಳಗೆ ಬರುವ ರೂಟ್‌ಗಳು ನಿಮ್ಮಿಂದ ಹೊರಗೆ ಹೋಗುವ ಟ್ರಾಫಿಕ್ಕನ್ನು ನಡೆಸುತ್ತವೆ, ಹೊರಗೆ ಹೋಗುವ ರೂಟ್‌ಗಳು ನಿಮ್ಮ ಕಡೆ ಬರುವ ಟ್ರಾಫಿಕ್ಕನ್ನು. ಪ್ಯಾಕೆಟ್ ತಡೆಯಬೇಕಾದರೆ ಇಂಟರ್‌ಫೇಸ್ ಮೇಲೆ ಆಕ್ಸೆಸ್ ಲಿಸ್ಟ್ ಹಾಕಿ. ಅದು ಹುಟ್ಟಿದ್ದೇ ಆ ಕೆಲಸಕ್ಕೆ. ಲಿಂಕೇ ತುಂಬಿಹೋಗುವಷ್ಟು ಬರುತ್ತಿದ್ದರೆ ನಿಮ್ಮ ತುದಿಯಲ್ಲಿ ತಡೆದು ಪ್ರಯೋಜನವಿಲ್ಲ, ಮೇಲಿನ ಐಎಸ್‌ಪಿಯೇ ತಡೆಯಬೇಕು.

ಪ್ರಶ್ನೆ: ನಮಗೆ ಎರಡು ಐಎಸ್‌ಪಿ ಲಿಂಕ್ ಇವೆ, ನಮ್ಮದೇ ಒಂದು /24 ಇದೆ. ಎರಡನೇ ಲಿಂಕಿನಲ್ಲಿ ಬಿಜಿಪಿ ಎತ್ತಿದ ಸ್ವಲ್ಪ ಹೊತ್ತಿಗೆ ಎರಡೂ ಲಿಂಕ್ ತುಂಬಿಹೋದವು. ಯಾರ್ಯಾರದೋ ಟ್ರಾಫಿಕ್ ಒಂದರಿಂದ ಬಂದು ಇನ್ನೊಂದರಿಂದ ಹೋಗುತ್ತಿತ್ತು. ಫಿಲ್ಟರ್ ಏನೂ ಹಾಕಿರಲಿಲ್ಲ. ಇದು ಯಾಕೆ ಆಯಿತು?

ಉತ್ತರ: ನೀವು ಆ ಹೊತ್ತಿಗೆ ಇಬ್ಬರು ಐಎಸ್‌ಪಿಗಳ ನಡುವಿನ ಹೆದ್ದಾರಿ ಆಗಿದ್ದಿರಿ. ಹೊರಗಿನ ನೇಬರ್‌ನಿಂದ ಕಲಿತ ಒಳ್ಳೆಯ ದಾರಿಯನ್ನು ಇನ್ನೊಬ್ಬ ನೇಬರ್‌ಗೆ ಹೇಳುವುದು ಬಿಜಿಪಿಯ ಸಹಜ ಗುಣ. ಮೊದಲ ಐಎಸ್‌ಪಿ ಕಲಿಸಿದ ರೂಟ್‌ಗಳನ್ನು ನಿಮ್ಮ ರೂಟರ್ ಎರಡನೆಯವರಿಗೆ ಹೇಳಿತು. ಗಿರಾಕಿಯಿಂದ ಬಂದ ರೂಟಿಗೆ ಐಎಸ್‌ಪಿಗಳು ಸಾಮಾನ್ಯವಾಗಿ ಜಾಸ್ತಿ ಆದ್ಯತೆ ಕೊಡುತ್ತಾರೆ, ಏಕೆಂದರೆ ಹಣ ಬರುವುದು ಆ ಕಡೆಯಿಂದ. ಹಾಗಾಗಿ ಅವರು ನಿಮ್ಮನ್ನೇ ನಂಬಿದರು.

ಫಿಲ್ಟರ್ ಇಲ್ಲದ ಹೊರಗಿನ ನೇಬರ್‌ಗೆ ಏನನ್ನೂ ಹೇಳಬಾರದು, ಅವರಿಂದ ಏನನ್ನೂ ಸ್ವೀಕರಿಸಬಾರದು ಎಂಬ ನಿಯಮ 2017ರ ಆರ್‌ಎಫ್‌ಸಿ 8212ರಲ್ಲಿ ಬಂತು (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ). ಹಳೆಯ ಸಾಫ್ಟ್‌ವೇರ್ ಇದನ್ನು ಪಾಲಿಸುತ್ತದೆ ಎಂದು ನಂಬಿ ಕೂರಬೇಡಿ.

ಇದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2019ರ ಜೂನ್ 24ರ ಘಟನೆ ನೋಡಿ. ಅಮೆರಿಕದ ಒಂದು ಸಣ್ಣ ಐಎಸ್‌ಪಿ ತನ್ನ ಒಳಗಿನ ಟ್ರಾಫಿಕ್ ಹಂಚಿಕೆಗೆಂದು ಒಂದು ಬಿಜಿಪಿ ಆಪ್ಟಿಮೈಸರ್ ಇಟ್ಟುಕೊಂಡಿತ್ತು. ಅದು ಬೇರೆಯವರ ರೂಟ್‌ಗಳನ್ನು ತುಂಡು ಮಾಡುತ್ತಿತ್ತು. ಕ್ಲೌಡ್‌ಫ್ಲೇರ್‌ನ 104.20.0.0/20 ಅಲ್ಲಿ 104.20.0.0/21 ಮತ್ತು 104.20.8.0/21 ಆಯಿತು. ಆ ಐಎಸ್‌ಪಿ ಈ ತುಂಡುಗಳನ್ನು ತನ್ನ ಗಿರಾಕಿ ಕಂಪನಿಗೆ ಹೇಳಿತು. ಆ ಗಿರಾಕಿಗೆ ಎರಡನೇ ಲಿಂಕ್ ದೊಡ್ಡ ಐಎಸ್‌ಪಿ ವೆರೈಝನ್ ಕಡೆಗಿತ್ತು, ನಿಮ್ಮ ಹಾಗೆಯೇ. ಅವರು ಕೇಳಿದ್ದನ್ನೆಲ್ಲ ಅತ್ತ ದಾಟಿಸಿದರು. ವೆರೈಝನ್ ಫಿಲ್ಟರ್ ಇಲ್ಲದೆ ತೆಗೆದುಕೊಂಡು ಜಗತ್ತಿಗೆ ಹಂಚಿತು. ಉದ್ದದ ಪ್ರಿಫಿಕ್ಸ್ ಯಾವಾಗಲೂ ಗೆಲ್ಲುತ್ತದೆ, /20 ಮತ್ತು /21 ಎರಡೂ ಇದ್ದರೆ ರೂಟರ್ /21 ಹಿಡಿಯುತ್ತದೆ. ಹೀಗೆ ದೊಡ್ಡ ದೊಡ್ಡ ಸೈಟ್‌ಗಳ ಟ್ರಾಫಿಕ್ ಒಂದು ಕಂಪನಿಯ ಪುಟ್ಟ ಲಿಂಕಿಗೆ ನುಗ್ಗಿತು. ಈ ಸರಣಿಯಲ್ಲಿ ಯಾವುದೇ ಒಂದು ಕಡೆ ಸರಿಯಾದ ಪ್ರಿಫಿಕ್ಸ್ ಲಿಸ್ಟ್ ಇದ್ದಿದ್ದರೆ ಅಲ್ಲೇ ನಿಲ್ಲುತ್ತಿತ್ತು.

ನಿಮ್ಮ ಕಡೆ ಮಾಡಬೇಕಾದದ್ದು ಕಷ್ಟವಲ್ಲ. ನಿಮ್ಮ ಬ್ಲಾಕ್ 203.0.113.0/24 ಎಂದುಕೊಳ್ಳೋಣ. ‘ಪರ್ಮಿಟ್ 203.0.113.0/24’ ಎಂಬ ಒಂದೇ ಸಾಲಿನ ಪ್ರಿಫಿಕ್ಸ್ ಲಿಸ್ಟನ್ನು ಎರಡೂ ಐಎಸ್‌ಪಿಗಳ ಕಡೆ ಹೊರಮುಖವಾಗಿ ಹಾಕಿ. ಜೊತೆಗೆ ಎಎಸ್ ಪಾತ್ ಆಕ್ಸೆಸ್ ಲಿಸ್ಟಿನಲ್ಲಿ ‘ಪರ್ಮಿಟ್ ^$’ ಎಂದು ಬರೆದು ಅದನ್ನೂ ಹಾಕಿ. ಎಎಸ್ ನಂಬರ್ ಎಂದರೆ ಬಿಜಿಪಿಯಲ್ಲಿ ಒಂದು ನೆಟ್‌ವರ್ಕಿನ ಗುರುತು, ರೂಟ್ ದಾಟಿ ಬಂದ ಅಂಥ ನಂಬರ್‌ಗಳ ಪಟ್ಟಿಯೇ ಎಎಸ್ ಪಾತ್. ^ ಶುರು, $ ಕೊನೆ, ನಡುವೆ ಏನೂ ಇಲ್ಲ. ನಿಮ್ಮಲ್ಲೇ ಹುಟ್ಟಿದ ರೂಟಿಗೆ ಹೊರಡುವ ಮುಂಚೆ ಎಎಸ್ ಪಾತ್ ಖಾಲಿ ಇರುತ್ತದೆ. ಬೇರೆಯವರಿಂದ ಕಲಿತದ್ದರಲ್ಲಿ ಅವರ ಎಎಸ್ ನಂಬರ್ ಇದ್ದೇ ಇರುತ್ತದೆ, ಹಾಗಾಗಿ ಅದು ಹೊರಗೆ ಹೋಗಲಾರದು.

ಒಂದು ಸಾಕಾಗುವಲ್ಲಿ ಎರಡು ಯಾಕೆ ಅನ್ನಬಹುದು. ನಾಳೆ ನಿಮಗೇ ಒಬ್ಬ ಬಿಜಿಪಿ ಗಿರಾಕಿ ಸಿಕ್ಕರೆ ಗೊತ್ತಾಗುತ್ತದೆ. ಅವರ ಪ್ರಿಫಿಕ್ಸನ್ನು ನಿಮ್ಮ ಹೊರಮುಖ ಲಿಸ್ಟಿಗೆ ಸೇರಿಸುತ್ತೀರಿ. ಅವರಿಗೂ ಬೇರೊಂದು ಐಎಸ್‌ಪಿ ಇದೆ. ನಿಮ್ಮ ನಡುವಿನ ಲಿಂಕ್ ಬಿದ್ದಾಗ ಅದೇ ಪ್ರಿಫಿಕ್ಸ್ ನಿಮ್ಮ ಮೊದಲ ಐಎಸ್‌ಪಿ ಕಡೆಯಿಂದ ನಿಮಗೆ ಬರುತ್ತದೆ. ಬರೀ ಪ್ರಿಫಿಕ್ಸ್ ನೋಡುವ ಲಿಸ್ಟ್ ಅದನ್ನು ಎರಡನೇ ಐಎಸ್‌ಪಿಗೆ ದಾಟಿಸಿಬಿಡುತ್ತದೆ, ಮತ್ತೆ ಅದೇ ಹೆದ್ದಾರಿ. ಗಿರಾಕಿಯ ನಂಬರ್ 64500 ಆಗಿದ್ದರೆ ^$ ಜೊತೆಗೆ ‘ಪರ್ಮಿಟ್ ^64500$’ ಕೂಡ ಬರೆದಿಡಿ. ಆಗ ಅವರಿಂದ ನೇರವಾಗಿ ಬಂದದ್ದು ಮಾತ್ರ ಹೊರಗೆ ಹೋಗುತ್ತದೆ. ಅವರು ಪಾತ್ ಉದ್ದ ಮಾಡಲು ತಮ್ಮ ನಂಬರನ್ನು ಎರಡು ಮೂರು ಸಲ ಹಾಕಿ ಕಳಿಸುವವರಾದರೆ ‘^64500(_64500)*$’ ಎಂದು ಬರೆಯಬೇಕು.

ಗಿರಾಕಿಯಿಂದ ಒಳಗೆ ಬರುವ ಕಡೆಯೂ ಅವರದೇ ಪ್ರಿಫಿಕ್ಸ್‌ಗಳ ಲಿಸ್ಟ್ ಇರಲಿ, ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿಯೂ ಇರಲಿ. ಐದು ರೂಟ್ ಕಳಿಸಬೇಕಾದವರು ಲಕ್ಷಗಟ್ಟಲೆ ಕಳಿಸಲು ಶುರು ಮಾಡಿದರೆ ಸೆಷನ್ ತಾನೇ ಕಡಿದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ರೂಟರ್ ಹಳೆಯದು. ಐಎಸ್‌ಪಿ ಫುಲ್ ಟೇಬಲ್ (ಇಡೀ ಇಂಟರ್ನೆಟ್ಟಿನ ರೂಟ್‌ಗಳು) ಕಳಿಸುತ್ತಾರೆ, ಮೆಮೊರಿ ಸಾಲುತ್ತಿಲ್ಲ. /24ಗಳನ್ನೆಲ್ಲ ಫಿಲ್ಟರ್ ಮಾಡಿ ಬಿಸಾಕಿದರೆ ಆಗುತ್ತದಾ?

ಉತ್ತರ: ಡಿಫಾಲ್ಟ್ ರೂಟ್ ಇಲ್ಲದೆ ಹಾಗೆ ಮಾಡಬೇಡಿ. ಐಪಿವಿ4 ಟೇಬಲ್ ಈಗ ಸುಮಾರು 10 ಲಕ್ಷ ರೂಟ್‌ಗಳದ್ದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ /24ಗಳೇ. ಎಷ್ಟೋ ನೆಟ್‌ವರ್ಕ್‌ಗಳು ಒಂದು /24 ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಅದನ್ನು ಬಿಸಾಕಿದರೆ ನಿಮ್ಮ ಬಳಕೆದಾರರಿಗೆ ಆ ನೆಟ್‌ವರ್ಕ್ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ಆ ನೇಬರ್ ಮೇಲೆ ಸಾಫ್ಟ್ ರೀಕಾನ್ಫಿಗರೇಷನ್ ಇನ್‌ಬೌಂಡ್ ಆನ್ ಇದ್ದರೆ, ಡಿನೈ ಮಾಡಿದ ರೂಟ್‌ಗಳನ್ನೂ ರೂಟರ್ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಫಿಲ್ಟರ್ ಹಾಕಿದರೂ ಮೆಮೊರಿ ಇಳಿಯಲಿಲ್ಲ ಎನ್ನುವವರು ಮೊದಲು ಅದನ್ನು ನೋಡಿ.

ಮೆಮೊರಿಯ ಜೊತೆ ಹಾರ್ಡ್‌ವೇರ್ ಟೇಬಲ್ಲಿಗೂ ಮಿತಿ ಇದೆ. 2014ರ ಆಗಸ್ಟ್ 12ರಂದು ಜಗತ್ತಿನ ಟೇಬಲ್ 512 ಸಾವಿರದ ಗಡಿ ಮುಟ್ಟಿದಾಗ, ಅಷ್ಟೇ ಜಾಗ ಇಟ್ಟುಕೊಂಡಿದ್ದ ಹಳೆಯ ರೂಟರ್‌ಗಳು ಹಲವು ಕಡೆ ತಡವರಿಸಿದವು. ನಿಮ್ಮ ಪೆಟ್ಟಿಗೆಯ ಮಿತಿ ಎಷ್ಟು ಎಂದು ಇವತ್ತೇ ನೋಡಿಕೊಳ್ಳಿ.

ನಾನಾಗಿದ್ದರೆ ಫಿಲ್ಟರ್ ಬರೆಯುವ ಮೊದಲು ಐಎಸ್‌ಪಿಗೆ ಫೋನ್ ಮಾಡಿ ‘ಡಿಫಾಲ್ಟ್ ರೂಟ್, ಜೊತೆಗೆ ನಿಮ್ಮ ಮತ್ತು ನಿಮ್ಮ ಗಿರಾಕಿಗಳ ರೂಟ್ ಮಾತ್ರ ಕಳಿಸಿ’ ಎಂದು ಕೇಳುತ್ತಿದ್ದೆ. ಬಹುತೇಕ ಐಎಸ್‌ಪಿಗಳು ಇದನ್ನು ಮಾಡಿಕೊಡುತ್ತಾರೆ. ಬೇಡದ್ದನ್ನು ತರಿಸಿಕೊಂಡು ಬಿಸಾಕುವುದಕ್ಕಿಂತ ಇದು ಮೇಲು.

ಪ್ರಶ್ನೆ: ಆರ್‌ಪಿಕೆಐ (ಪ್ರಿಫಿಕ್ಸ್ ಯಾರು ಹೇಳಬಹುದು ಎಂದು ಡಿಜಿಟಲ್ ಸಹಿಯಿಂದ ತೋರಿಸುವ ವ್ಯವಸ್ಥೆ) ಬಂದ ಮೇಲೂ ಈ ಲಿಸ್ಟ್‌ಗಳು ಬೇಕಾ?

ಉತ್ತರ: ಬೇಕು. ಈ ಪ್ರಿಫಿಕ್ಸನ್ನು ಈ ಎಎಸ್ ಹುಟ್ಟಿಸಬಹುದೇ, ಎಷ್ಟು ಉದ್ದದವರೆಗೆ ಹೇಳಬಹುದು ಎಂಬಷ್ಟನ್ನೇ ಆರ್‌ಪಿಕೆಐ ತಪಾಸಣೆ ನೋಡುತ್ತದೆ. 2019ರ ಆ /21 ತುಂಡುಗಳನ್ನು ಅದು ಹಿಡಿಯಬಹುದಿತ್ತು, ಏಕೆಂದರೆ ಕ್ಲೌಡ್‌ಫ್ಲೇರ್ ಗರಿಷ್ಠ ಉದ್ದ 20 ಎಂದು ಸಹಿ ಮಾಡಿ ಇಟ್ಟಿತ್ತು. ಆದರೆ ಮೇಲೆ ಎರಡು ಐಎಸ್‌ಪಿ ಲಿಂಕಿನ ಪ್ರಶ್ನೆ ಕೇಳಿದವರ ಹಾಗೆ ರೂಟನ್ನು ತುಂಡು ಮಾಡದೆ ಇದ್ದದ್ದು ಇದ್ದ ಹಾಗೆ ದಾಟಿಸಿದರೆ ಹುಟ್ಟಿಸಿದವರು ಸರಿಯಾಗಿದ್ದಾರೆ, ಉದ್ದವೂ ಸರಿಯಿದೆ. ತಪಾಸಣೆಯಲ್ಲಿ ‘ವ್ಯಾಲಿಡ್’ ಎಂದೇ ಬರುತ್ತದೆ. ನಡುವೆ ಯಾರು ದಾಟಿಸಿದರು ಎಂದು ಅದು ಕೇಳುವುದಿಲ್ಲ. ಎರಡನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರಿಫಿಕ್ಸ್ ಲಿಸ್ಟ್ ಬದಲಾಯಿಸಿ ಸೇವ್ ಮಾಡಿದೆ. ಹಳೆಯ ರೂಟ್‌ಗಳು ಹಾಗೇ ಇವೆ. ಬಿಜಿಪಿ ಸೆಷನ್ ಕ್ಲಿಯರ್ ಮಾಡಲೇಬೇಕಾ?

ಉತ್ತರ: ಪೂರ್ತಿ ಕ್ಲಿಯರ್ ಬೇಡ, ಸೆಷನ್ ಬಿದ್ದು ಎದ್ದೇಳುವಾಗ ಟ್ರಾಫಿಕ್ ನಿಲ್ಲುತ್ತದೆ. ಹೊಸ ಫಿಲ್ಟರ್ ಆಗಲೇ ಬಂದು ಕೂತ ರೂಟ್‌ಗಳ ಮೇಲೆ ನಡೆಯಬೇಕಾದರೆ, ನೇಬರ್ ಅವನ್ನು ಇನ್ನೊಮ್ಮೆ ಕಳಿಸಬೇಕು. ಕ್ಲಿಯರ್ ಕಮಾಂಡಿನ ಕೊನೆಯಲ್ಲಿ ‘ಸಾಫ್ಟ್ ಇನ್’ ಎಂದು ಸೇರಿಸಿದರೆ ರೂಟರ್ ಅದನ್ನು ಕೇಳಿಕೊಳ್ಳುತ್ತದೆ. 2000ದ ಆರ್‌ಎಫ್‌ಸಿ 2918ರಲ್ಲಿ ಬಂದ ರೂಟ್ ರಿಫ್ರೆಶ್ ಎಂದರೆ ಇದೇ, ಈಗಿನ ಎಲ್ಲ ರೂಟರ್‌ಗಳಲ್ಲೂ ಇದೆ. ಹೊರಮುಖ ಫಿಲ್ಟರ್ ಬದಲಿಸಿದರೆ ‘ಸಾಫ್ಟ್ ಔಟ್’.

ಬದಲಾವಣೆಗೆ ಮುಂಚೆ ಆ ನೇಬರ್‌ಗೆ ನೀವು ಹೇಳುತ್ತಿರುವ ರೂಟ್‌ಗಳ ಪಟ್ಟಿಯನ್ನು ‘ಅಡ್ವರ್ಟೈಸ್ಡ್-ರೂಟ್ಸ್’ ಕಮಾಂಡಿನಿಂದ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಬದಲಾಯಿಸಿದ ಮೇಲೆ ಮತ್ತೆ ತೆಗೆದು ಎರಡನ್ನೂ ಹೋಲಿಸಿ. ನಿಮ್ಮದು ಒಂದೇ /24 ಆಗಿದ್ದರೆ ಆ ಪಟ್ಟಿಯಲ್ಲಿ ಒಂದೇ ಸಾಲು ಇರಬೇಕು. ಎರಡನೇ ಸಾಲು ಕಂಡರೆ ಫಿಲ್ಟರ್ ಸರಿಮಾಡುವವರೆಗೆ ಆ ನೇಬರ್‌ನ ಸೆಷನ್ ಶಟ್‌ಡೌನ್ ಮಾಡಿಡಿ.