ಹವಳಕ್ಕೆ ಹಾನಿಯಾಗದ ಸನ್‌ಸ್ಕ್ರೀನ್ ಬೇಕಾದರೆ ಟ್ಯೂಬಿನ ಹಿಂಬದಿಯನ್ನು ಓದಿರಿ

ನಮಸ್ಕಾರ. ಹಾಸನದಿಂದ ನೀವು ಐದು ಜನ ಗೆಳೆಯರು ಜನವರಿಯಲ್ಲಿ ಲಕ್ಷದ್ವೀಪದ ಅಗತ್ತಿಗೆ ಹೊರಟಿದ್ದೀರಿ; ನಾವು ಮೈಗೆ ಹಚ್ಚುವ ಸನ್‌ಸ್ಕ್ರೀನಿನಿಂದ ಹವಳದ ದಿಬ್ಬಗಳು ಹಾಳಾಗುತ್ತವೆ ಎಂದು ಓದಿದ್ದೀರಿ; ಅಂಗಡಿಗೆ ಹೋದರೆ ನಾಲ್ಕಾರು ಟ್ಯೂಬುಗಳ ಮೇಲೆ ‘ರೀಫ್ ಸೇಫ್’, ಅಂದರೆ ಹವಳದ ದಿಬ್ಬಕ್ಕೆ ಹಾನಿಯಿಲ್ಲ, ಎಂದೇ ಅಚ್ಚಾಗಿದೆ. ಇವುಗಳಲ್ಲಿ ಯಾವುದನ್ನು ನಂಬಿ ಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಚಿಕ್ಕಮಗಳೂರಿನಲ್ಲಿ ಹದಿನೆಂಟು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಫಾರ್ಮಸಿ ಓದಿದ್ದೇನೆ. ಇದೇ ವಿಷಯದಲ್ಲಿ ಒಮ್ಮೆ ನಾನೂ ತಪ್ಪು ಮಾಡಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ಟ್ಯೂಬಿನ ಮುಂಭಾಗದಲ್ಲಿ ಬರೆದ ‘ರೀಫ್ ಸೇಫ್’ ಎಂಬ ಮಾತನ್ನು ನಂಬಬೇಡಿ, ಏಕೆಂದರೆ ಆ ಪದಕ್ಕೆ ಕಾನೂನಿನಲ್ಲಿ ಗೊತ್ತುಪಡಿಸಿದ ಅರ್ಥವಿಲ್ಲ. ಯಾವ ಪರೀಕ್ಷೆಗೂ ಒಳಗಾಗದೆ ಅದನ್ನು ಅಚ್ಚು ಹಾಕಿಸಬಹುದು. ಹಿಂಭಾಗದ ಪದಾರ್ಥಗಳ ಪಟ್ಟಿಯನ್ನು ಓದಿ, ಬಿಸಿಲನ್ನು ತಡೆಯುವ ಅಂಶವಾಗಿ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಮಾತ್ರ ಇರುವ ಕ್ರೀಮನ್ನು ಕೊಳ್ಳಿ. ಅದಕ್ಕಿಂತಲೂ ಮುಖ್ಯವಾಗಿ, ಕ್ರೀಮು ಹಚ್ಚಬೇಕಾದ ಜಾಗವೇ ಕಡಿಮೆಯಾಗುವಂತೆ ಮೈತುಂಬ ಬಟ್ಟೆ ತೊಟ್ಟು ನೀರಿಗೆ ಇಳಿಯಿರಿ.

ಮೂರು ವರ್ಷಗಳ ಹಿಂದೆ ನನ್ನ ತಂಗಿಯ ಮನೆಯವರೊಂದಿಗೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಹವಳಗಳನ್ನು ನೋಡಲೆಂದು ನಮ್ಮ ರಾಜ್ಯದ ಜನ ಹೆಚ್ಚಾಗಿ ಹೋಗುವ ಜಾಗ ಅದೇ. ದೋಣಿ ಲಂಗರು ಹಾಕಿದ ಮೇಲೆ ಎಂಟು ಜನರೂ ತೋಳು, ಕಾಲು, ಬೆನ್ನಿಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ಐದು ನಿಮಿಷವೂ ಕಾಯದೆ ನೀರಿಗಿಳಿದೆವು. ಸ್ವಲ್ಪ ಹೊತ್ತಿನ ನಂತರ ಏಣಿ ಹಿಡಿದು ಮೇಲೆ ಹತ್ತುವಾಗ ನೋಡಿದೆ: ದೋಣಿಯ ಮಗ್ಗುಲಿನಲ್ಲಿ, ನಾವು ಇಳಿದ ಜಾಗದಲ್ಲೇ, ನೀರಿನ ಮೇಲೆ ತೆಳ್ಳಗೆ ಜಿಡ್ಡಿನ ಪದರವೊಂದು ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ನಮ್ಮನ್ನು ಕರೆದೊಯ್ದಿದ್ದ ಹುಡುಗ ಅದನ್ನು ನೋಡಿ, “ಅಕ್ಕ, ತುಂಬು ತೋಳಿನ ಬಟ್ಟೆ ಹಾಕಿಕೊಂಡು ಬಂದಿದ್ದರೆ ಇಷ್ಟೆಲ್ಲ ಹಚ್ಚುವ ಅಗತ್ಯವೇ ಇರಲಿಲ್ಲ” ಎಂದ. ಮನೆಗೆ ಬಂದು ಆ ಟ್ಯೂಬನ್ನು ತಿರುಗಿಸಿ ಓದಿದೆ; ಅದು ನನ್ನ ಅಂಗಡಿಯಿಂದಲೇ ತೆಗೆದುಕೊಂಡು ಹೋಗಿದ್ದ ಟ್ಯೂಬು. ಹವಳಕ್ಕೆ ಕೆಡುಕೆಂದು ಹೆಸರಾದ, ಬಿಸಿಲು ತಡೆಯುವ ರಾಸಾಯನಿಕಗಳಾದ ಆಕ್ಟಿನಾಕ್ಸೇಟ್, ಆಕ್ಸಿಬೆನ್ಜೋನ್ ಎರಡೂ ಅದರಲ್ಲಿದ್ದವು. ವರ್ಷಗಟ್ಟಲೆ ಕೈಯಾರೆ ಮಾರಿದ ಸಾಮಾನಿನ ಹಿಂಬದಿಯನ್ನು ನಾನು ಆ ದೃಷ್ಟಿಯಿಂದ ಒಮ್ಮೆಯೂ ಓದಿರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಈ ಎರಡು ರಾಸಾಯನಿಕಗಳ ಬಗ್ಗೆ ಏಕೆ ಇಷ್ಟು ಮಾತು ಎಂಬುದನ್ನು ಹೇಳುತ್ತೇನೆ. ಹವಳವು ಕಲ್ಲಿನಂತೆ ಕಂಡರೂ ಅದು ಸಣ್ಣ ಸಣ್ಣ ಪ್ರಾಣಿಗಳ ಬೀಡು. ಆ ಪ್ರಾಣಿಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿರುತ್ತವೆ. ಬಿಸಿಲಿನಿಂದ ಅವು ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ, ಹವಳದ ಬಣ್ಣಕ್ಕೂ ಬಹುಮಟ್ಟಿಗೆ ಅವೇ ಕಾರಣ. ನೀರು ಅತಿಯಾಗಿ ಬಿಸಿಯಾದಾಗ ಅಥವಾ ಬೇರೆ ಯಾವುದಾದರೂ ಒತ್ತಡ ಬಿದ್ದಾಗ ಹವಳವು ಈ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಆ ಸ್ಥಿತಿ ಬಹುಕಾಲ ಮುಂದುವರಿದರೆ ಸಾಯುತ್ತದೆ. ಆಕ್ಸಿಬೆನ್ಜೋನ್ ಹವಳದ ಮರಿಗಳ ಡಿಎನ್ಎಗೆ ಹಾನಿ ಮಾಡಿ ಅವುಗಳ ಬೆಳವಣಿಗೆಯನ್ನು ಕೆಡಿಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿದ ನಂತರ ಜಗತ್ತಿನ ಗಮನ ಇತ್ತ ತಿರುಗಿತು. 2022ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಒಳಗುಟ್ಟನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಹವಳದ ಹತ್ತಿರದ ಸಂಬಂಧಿಯಾದ ಸಮುದ್ರ ಅನಿಮೋನಿಯು ಆಕ್ಸಿಬೆನ್ಜೋನನ್ನು ಹೀರಿಕೊಂಡು ಅದಕ್ಕೆ ಸಕ್ಕರೆಯ ಅಣುವೊಂದನ್ನು ಜೋಡಿಸುತ್ತದೆ. ಹಾಗೆ ಮಾರ್ಪಟ್ಟ ವಸ್ತುವು ಬಿಸಿಲು ಬಿದ್ದಾಗ ಅದರ ಜೀವಕೋಶಗಳನ್ನೇ ಸುಡುವ ವಿಷವಾಗುತ್ತದೆ. ನಮ್ಮ ಚರ್ಮವನ್ನು ಬಿಸಿಲಿನಿಂದ ಕಾಯುವ ಪದಾರ್ಥವೇ ಆ ಜೀವಿಯ ಮೈಯೊಳಗೆ ಬಿಸಿಲನ್ನು ವಿಷವಾಗಿಸುತ್ತದೆ ಎಂಬ ಸಂಗತಿ ಓದಿದಾಗ ನನಗೆ ತಳಮಳವಾಯಿತು. ಮೈಯಲ್ಲಿರುವ ಪಾಚಿಗಳು ಈ ವಿಷದ ಒಂದಷ್ಟು ಭಾಗವನ್ನು ತಾವು ಹೀರಿಕೊಂಡು ರಕ್ಷಣೆ ಕೊಡುತ್ತವೆಂದೂ ಅವರು ಕಂಡುಕೊಂಡರು. ಅಂದರೆ ಈಗಾಗಲೇ ಬೆಳ್ಳಗಾಗಿ ಪಾಚಿ ಕಳೆದುಕೊಂಡ ಹವಳಕ್ಕೆ ಅಪಾಯ ಇನ್ನೂ ಹೆಚ್ಚು.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಲೇಬೇಕು. ಹವಳದ ದಿಬ್ಬಗಳ ದೊಡ್ಡ ಶತ್ರು ಸನ್‌ಸ್ಕ್ರೀನ್ ಅಲ್ಲ, ಬಿಸಿಯಾಗುತ್ತಿರುವ ಸಮುದ್ರ. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಬೆಳ್ಳಗಾಗಿದ್ದವು; 2024ರಲ್ಲಿ ಮತ್ತೆ ಅಲ್ಲಿ ತೀವ್ರವಾಗಿ ಹವಳ ಬೆಳ್ಳಗಾಗಿರುವುದನ್ನು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು, ಅದಕ್ಕೆ ಕಾರಣ ಸಮುದ್ರದ ಬಿಸಿಯೇ. ಪ್ರಯೋಗಾಲಯದಲ್ಲಿ ಹಾನಿ ತೋರಿಸಿದ ಪ್ರಮಾಣಗಳು ನಿಜವಾದ ಸಮುದ್ರದಲ್ಲಿ ಎಷ್ಟರಮಟ್ಟಿಗೆ ಇರುತ್ತವೆ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಚರ್ಚೆ ಮುಗಿದಿಲ್ಲ. ಆದರೂ ನನ್ನ ತೀರ್ಮಾನ ಬದಲಾಗುವುದಿಲ್ಲ. ನೀವು ಹೋಗುತ್ತಿರುವ ಅಗತ್ತಿಯಲ್ಲಿ ಜನ ಇಳಿಯುವುದು ತೆರೆದ ಸಮುದ್ರಕ್ಕಲ್ಲ. ಹವಳದ ದಿಬ್ಬ ಸುತ್ತುವರಿದ, ಆಳವಿಲ್ಲದ, ಅಲೆ ಕಡಿಮೆಯಿರುವ ಒಳನೀರಿಗೆ. ಅಲ್ಲಿ ನಿಮಗೂ ಹವಳಕ್ಕೂ ನಡುವೆ ಕೆಲವೊಮ್ಮೆ ಒಂದಾಳು ನೀರೂ ಇರುವುದಿಲ್ಲ, ಮೈಯಿಂದ ಬಿಟ್ಟದ್ದು ಬೇಗ ಚದುರಿಹೋಗುವುದೂ ಇಲ್ಲ. ಸಮುದ್ರದ ಬಿಸಿಯಿಂದ ಮೊದಲೇ ಸೊರಗಿದ ಜೀವಕ್ಕೆ ನಾವು ಬೇರೆ ತೊಂದರೆ ಕೊಡುವುದೇಕೆ? ಬದಲಿ ಕ್ರೀಮು ಅಂಗಡಿಯಲ್ಲಿ ಸಿಗುತ್ತಿರುವಾಗ ಚರ್ಚೆ ಮುಗಿಯಲಿ ಎಂದು ಕಾಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರ ಜನವರಿಯಿಂದಲೂ, ಹವಾಯಿ ರಾಜ್ಯವು 2021ರ ಜನವರಿಯಿಂದಲೂ ಈ ಎರಡೂ ರಾಸಾಯನಿಕಗಳಿರುವ ಸನ್‌ಸ್ಕ್ರೀನಿನ ಮಾರಾಟವನ್ನು ನಿಷೇಧಿಸಿವೆ. ಥಾಯ್ಲೆಂಡ್ 2021ರಲ್ಲಿ ತನ್ನ ಸಮುದ್ರ ರಾಷ್ಟ್ರೀಯ ಉದ್ಯಾನಗಳೊಳಗೆ ಅವುಗಳ ಬಳಕೆಯನ್ನೇ ನಿಲ್ಲಿಸಿತು.

ಈಗ ಟ್ಯೂಬಿನ ಹಿಂಬದಿಗೆ ಬರೋಣ, ಏಕೆಂದರೆ ಜನ ಮೋಸಹೋಗುವುದು ಇಲ್ಲಿಯೇ. ಆಕ್ಟಿನಾಕ್ಸೇಟ್ ತನ್ನ ಹೆಸರಿನಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಹೆಚ್ಚಿನ ಲೇಬಲ್ಲುಗಳಲ್ಲಿ ಅದನ್ನು ಈಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್ ಎಂದೋ ಆಕ್ಟೈಲ್ ಮೆಥಾಕ್ಸಿಸಿನ್ನಮೇಟ್ ಎಂದೋ ಬರೆದಿರುತ್ತಾರೆ. ಉದ್ದ ಹೆಸರು ಓದಲು ತೊಡಕೆನಿಸಿದರೆ ಕೊನೆಯ ‘ಸಿನ್ನಮೇಟ್’ ಎಂಬುದನ್ನು ಮಾತ್ರ ಹುಡುಕಿರಿ. ಆಕ್ಸಿಬೆನ್ಜೋನಿನ ಇನ್ನೊಂದು ಹೆಸರು ಬೆನ್ಜೋಫಿನೋನ್-3. ಇವೆರಡಲ್ಲದೆ, ಬಿಸಿಲು ತಡೆಯುವ ಇನ್ನೊಂದು ರಾಸಾಯನಿಕವಾದ ಆಕ್ಟೋಕ್ರಿಲೀನ್ ಇರುವ ಕ್ರೀಮನ್ನೂ ನಾನಾದರೆ ಕೊಳ್ಳುವುದಿಲ್ಲ. ಅಮೆರಿಕದ ವರ್ಜಿನ್ ದ್ವೀಪಗಳಲ್ಲಿ ಅದಕ್ಕೂ ನಿಷೇಧವಿದೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘ಜಿಂಕ್ ಆಕ್ಸೈಡ್ ಇದೆ’ ಎಂದು ಬರೆದು, ಹಿಂಭಾಗದಲ್ಲಿ ಅದರ ಜೊತೆಗೇ ಸಿನ್ನಮೇಟನ್ನೂ ಸೇರಿಸಿರುವ ಲೋಷನ್‌ಗಳು ನಮ್ಮ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಜಿಂಕ್ ಇದೆಯೇ ಎಂದು ಕೇಳಿದರೆ ಸಾಲದು, ಜಿಂಕ್ ಬಿಟ್ಟು ಬೇರೆ ಏನಿದೆ ಎಂದು ಕೇಳಬೇಕು. ಅಂಗಡಿಯಲ್ಲಿ ‘ಫಿಸಿಕಲ್ ಸನ್‌ಸ್ಕ್ರೀನ್’ ಅಥವಾ ‘ಮಿನರಲ್ ಸನ್‌ಸ್ಕ್ರೀನ್’ ಕೊಡಿ ಎಂದರೆ ಯಾವ ಬಗೆಯದು ಬೇಕೆಂದು ಅವರಿಗೆ ಅರ್ಥವಾಗುತ್ತದೆ. ಆಮೇಲೂ ಕೈಗೆ ತೆಗೆದುಕೊಂಡು ಓದದೆ ದುಡ್ಡು ಕೊಡಬೇಡಿ.

ಜಿಂಕ್ ಸಂಪೂರ್ಣ ನಿರಪಾಯ ಎಂದೂ ನಾನು ಹೇಳುವುದಿಲ್ಲ. ಅದರ ಕಣಗಳು 100 ನ್ಯಾನೋಮೀಟರಿಗಿಂತ ಸಣ್ಣದಾಗಿದ್ದರೆ ನೀರಿನಲ್ಲಿ ಬೇಗ ಕರಗಿ ಜಲಜೀವಿಗಳಿಗೆ ತೊಂದರೆ ಕೊಡಬಲ್ಲವು. ಆದ್ದರಿಂದ ‘ನಾನ್-ನ್ಯಾನೋ’ ಎಂದು ಬರೆದಿರುವುದು ಸಿಕ್ಕರೆ ಅದನ್ನೇ ಆರಿಸಿ. ಅದು ಕಣ ದಪ್ಪಗಿರುವ ಬಗೆ; ಹಾಗಾಗಿಯೇ ನಮ್ಮ ಕಂದು ಮೈಮೇಲೆ ವಿಭೂತಿ ಬಳಿದಂತೆ ಬೆಳ್ಳಗೆ ಕಾಣುತ್ತದೆ. ನನ್ನ ಅಂಗಡಿಗೆ ಬರುವವರು ಇದನ್ನು ಕೊಂಡು ವಾಪಸು ತರುವುದಕ್ಕೆ ಇದೊಂದೇ ಕಾರಣ. ಬೆರಳಲ್ಲಿ ಒಮ್ಮೆಲೇ ಮೆತ್ತದೆ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಎರಡು ಸಲ ತೆಳ್ಳಗೆ ಒತ್ತಿ ಒತ್ತಿ ಹಚ್ಚಿದರೆ ಬಿಳುಪು ಬಹಳ ಕಡಿಮೆಯಾಗುತ್ತದೆ. ಐರನ್ ಆಕ್ಸೈಡ್ ಸೇರಿಸಿದ, ಮಣ್ಣಿನ ಬಣ್ಣದ ಟಿಂಟೆಡ್ ಕ್ರೀಮುಗಳೂ ಇವೆ, ಅವು ನಮ್ಮ ಮೈಬಣ್ಣಕ್ಕೆ ಚೆನ್ನಾಗಿ ಹೊಂದುತ್ತವೆ. ಕ್ಯಾಲಮೈನ್ ಲೋಷನ್ನಿನಲ್ಲಿಯೂ ಜಿಂಕ್ ಆಕ್ಸೈಡ್ ಇದೆಯಲ್ಲ, ಅದನ್ನೇ ಹಚ್ಚಬಾರದೇ ಎಂದು ಹಲವರು ಕೇಳುತ್ತಾರೆ. ಬೇಡ, ಅದು ತುರಿಕೆಗೆ ಮಾಡಿದ್ದು, ನೀರಿಗಿಳಿದರೆ ತೊಳೆದುಹೋಗುತ್ತದೆ, ಬಿಸಿಲಿಗೆ ಅದನ್ನು ನಂಬಲಾಗದು. ಕೊಬ್ಬರಿ ಎಣ್ಣೆಯೂ ಅಷ್ಟೇ, ಅದರ ರಕ್ಷಣೆ ತೀರ ಅಲ್ಪ. ಸ್ಪ್ರೇ ಬಗೆಯದನ್ನಂತೂ ಕೊಳ್ಳಲೇಬೇಡಿ, ಗಾಳಿಗೆ ಅರ್ಧ ಮರಳಿನ ಮೇಲೆ ಬಿದ್ದು ಕೊನೆಗೆ ನೀರನ್ನೇ ಸೇರುತ್ತದೆ.

ಟ್ಯೂಬಿನ ಮೇಲೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ 30 ಇದ್ದರೆ ಚರ್ಮ ಸುಡುವ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು, 50 ಇದ್ದರೆ ಸುಮಾರು ಶೇ 98ರಷ್ಟನ್ನು ತಡೆಯುತ್ತದೆ. ಆ ಒಂದು ಅಂಶಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ‘ವಾಟರ್ ರೆಸಿಸ್ಟೆಂಟ್, 80 ನಿಮಿಷ’ ಎಂಬುದನ್ನು ನೋಡಿ ಕೊಳ್ಳುವುದು ಹೆಚ್ಚು ಉಪಯುಕ್ತ, ಏಕೆಂದರೆ ಮೈಗೆ ಅಂಟಿಕೊಂಡಿರುವುದು ನೀರಿಗೆ ಹೋಗುವುದಿಲ್ಲ. ನೀರಿಗಿಳಿಯುವ ಇಪ್ಪತ್ತು ನಿಮಿಷ ಮೊದಲೇ, ನೆರಳಿನಲ್ಲಿ, ಮೈ ಒಣಗಿರುವಾಗ ಹಚ್ಚಿಕೊಳ್ಳಿ. ನಾವು ನೇತ್ರಾಣಿಯಲ್ಲಿ ಮಾಡದೆ ಹೋದದ್ದು ಇದನ್ನೇ.

ಬಟ್ಟೆಯ ವಿಷಯವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದರೂ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮೊದಲನೆಯದು. ಒಬ್ಬ ದೊಡ್ಡವರ ಇಡೀ ಮೈಗೆ ಸರಿಯಾಗಿ ಹಚ್ಚಲು ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಕ್ರೀಮು ಬೇಕು. ನೀವು ಐದು ಜನ ದಿನಕ್ಕೆ ಮೂರು ಸಲ ಹಚ್ಚಿದರೆ 450 ಮಿಲಿಲೀಟರ್ ಆಯಿತು, ಅದು 50 ಮಿಲಿಲೀಟರಿನ ಸಣ್ಣ ಟ್ಯೂಬುಗಳಲ್ಲಿ ಒಂಬತ್ತು. ಅದರ ಬದಲು ತುಂಬು ತೋಳಿನ, ಕುತ್ತಿಗೆ ಮುಚ್ಚುವ ಲೈಕ್ರಾ ಈಜುಡುಗೆಯನ್ನೂ ಪಾದದ ಗಂಟಿನವರೆಗೆ ಬರುವ ಕಾಲುಡುಗೆಯನ್ನೂ ತೊಟ್ಟರೆ ಮುಖ, ಕಿವಿ, ಅಂಗೈ ಹಿಂಭಾಗ, ಪಾದ ಮಾತ್ರ ಉಳಿಯುತ್ತವೆ. ಐದನೇ ಒಂದು ಪಾಲು ಕ್ರೀಮು ಸಾಕು. ಬೋರಲು ಮಲಗಿ ತೇಲುತ್ತಾ ಹವಳ ನೋಡುವಾಗ ಬಿಸಿಲು ಬೀಳುವುದು ಬೆನ್ನಿಗೆ, ಮೀನಖಂಡಕ್ಕೆ, ಅಲ್ಲಿ ಬಟ್ಟೆಗಿಂತ ಒಳ್ಳೆಯ ತಡೆ ಇಲ್ಲ. ನಮ್ಮ ಸೀಮೆಯಲ್ಲಿ ಇದು ಯಾರಿಗೂ ಹೊಸದಲ್ಲ. ಜನವರಿಯ ಬಿಸಿಲಿನಲ್ಲಿ ಕಣದ ಮೇಲೆ ಕಾಫಿ ಹರವಿ ದಿನವಿಡೀ ಕೈಯಾಡಿಸುವ ಹೆಣ್ಣುಮಕ್ಕಳನ್ನು ನೀವು ಸಕಲೇಶಪುರದ ಕಡೆ ನೋಡಿರುತ್ತೀರಿ: ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ಕಿವಿ ಮುಚ್ಚುವಂತೆ ತಲೆಗೆ ಸುತ್ತಿದ ವಸ್ತ್ರ. ಅವರ ಲೆಕ್ಕಾಚಾರವೇ ಸರಿ. ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ನೀರಿಗಿಳಿಯುವಂತೆ ಕರೆದೊಯ್ಯುವವರೊಡನೆ ಮೊದಲೇ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

ಔಷಧಿ ಅಂಗಡಿಯವಳಾಗಿ ಒಂದು ಮಾತು ಸೇರಿಸುತ್ತೇನೆ. ನಿಮ್ಮಲ್ಲಿ ಯಾರಾದರೂ ಮೊಡವೆಗೋ ಬೇರೆ ಕಾರಣಕ್ಕೋ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗುತ್ತಿದ್ದರೆ ಅವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಹೊರಡುವ ಮೊದಲು ವೈದ್ಯರನ್ನು ಕೇಳಿಕೊಳ್ಳಲಿ, ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ.

ಜಿಂಕ್ ಮಾತ್ರ ಇರುವ ಕ್ರೀಮು ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಸದಾ ಇರುವುದಿಲ್ಲ, ತರಿಸಿಕೊಡಬೇಕಾಗುತ್ತದೆ. ಆದ್ದರಿಂದ ಎರಡು ವಾರ ಮೊದಲೇ ಹೇಳಿಡಿ. ಕೈಗೆ ಬಂದ ದಿನ ಮುಂಗೈಗೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಒಂದು ಬಕೆಟ್ ನೀರಿನಲ್ಲಿ ಕೈಯನ್ನು ಅದ್ದಿ ಆಡಿಸಿ ನೋಡಿ. ನೀರಿನ ಮೇಲೆ ಜಿಡ್ಡು ತೇಲಿದರೆ ಅಥವಾ ನೀರು ಹಾಲಿನಂತೆ ಬೆಳ್ಳಗಾದರೆ ಅದನ್ನು ಊರಿನಲ್ಲೇ ಬಳಸಿ ಮುಗಿಸಿ, ಅಗತ್ತಿಗೆ ಬೇರೆಯದನ್ನು ತರಿಸಿರಿ. ಯಾವುದಾದರೂ ಟ್ಯೂಬಿನ ಪಟ್ಟಿ ಅರ್ಥವಾಗದಿದ್ದರೆ ಅದರಲ್ಲಿರುವ ಹೆಸರುಗಳನ್ನು ಇಲ್ಲಿಯೇ ಬರೆಯಿರಿ, ಓದಿ ಹೇಳುತ್ತೇನೆ.