ಹೊಕ್ಕುಳಬಳ್ಳಿ ರಕ್ತಕ್ಕೆ ಕಂತು ಕಟ್ಟಬೇಕಾ?

ಹೆಂಡತಿಗೆ ಎಂಟನೇ ತಿಂಗಳು, ಕಾರವಾರದಲ್ಲೇ ಹೆರಿಗೆ, ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಶೇಖರಿಸಿ ಇಟ್ಟರೆ ಮಗುವಿಗೆ ಮುಂದೆ ಏನೇ ಕಾಯಿಲೆ ಬಂದರೂ ಔಷಧ ಸಿದ್ಧ ಅಂತ ಏಜೆಂಟ್ ಹೇಳ್ತಿದ್ದಾರೆ, ಕಂತು ಕಟ್ಟೋದಾ ಅಂತ ಕೇಳಿದ್ದೀರಿ. ಮನೆಯಲ್ಲಿ ಯಾರಿಗೂ ರಕ್ತದ ಕಾಯಿಲೆ ಇಲ್ಲದಿದ್ದರೆ ಕಟ್ಟಬೇಡಿ.

ಅದರಲ್ಲಿರೋದು ರಕ್ತ ತಯಾರಿಸುವ ಕಾಂಡಕೋಶ (ಸ್ಟೆಮ್ ಸೆಲ್). ಥಲಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ), ಕೆಲವು ರಕ್ತಕ್ಯಾನ್ಸರ್‌ಗಳಲ್ಲಿ ಅದು ನಿಜಕ್ಕೂ ಜೀವ ಉಳಿಸುತ್ತದೆ, ಆದರೆ ಸಾಮಾನ್ಯವಾಗಿ ಬೇರೆಯವರ ಕೋಶ ಬೇಕು. ಥಲಸೇಮಿಯಾ ಇರುವ ಮಗುವಿನ ಸ್ವಂತ ಕೋಶದಲ್ಲೂ ಅದೇ ದೋಷದ ಜೀನ್ ಇರುತ್ತಲ್ಲ, ಅದನ್ನೇ ವಾಪಸ್ ಕೊಟ್ಟು ಏನು ಪ್ರಯೋಜನ? ಸಿಗೋದೂ ಸುಮಾರು 50ರಿಂದ 100 ಎಂಎಲ್, ದೊಡ್ಡವರ ತೂಕಕ್ಕೆ ಹೆಚ್ಚಾಗಿ ಸಾಲದು. ಆಟಿಸಂ, ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅನ್ನೋದು ಸಾಬೀತಾಗಿಲ್ಲ. ಹೆದರಿದ ಅಪ್ಪ-ಅಮ್ಮನಿಗೆ ಹೀಗೆ ಮಾರೋದು ಅನ್ಯಾಯ. ಸ್ವಂತ ಬಳಕೆಗೆಂದು ಇಡೋದಕ್ಕೆ ವೈಜ್ಞಾನಿಕ ಆಧಾರವಿಲ್ಲ ಅಂತ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕೂಡ ಹೇಳಿದೆ.

ಮೊದಲ ಮಗುವಿಗೆ ಥಲಸೇಮಿಯಾ ಇದ್ದರೆ ಮಾತು ಬೇರೆ, ಈಗ ಹುಟ್ಟೋ ಮಗುವಿನ ಬಳ್ಳಿಯ ರಕ್ತ ಅದಕ್ಕೆ ಉಪಯೋಗವಾಗಬಹುದು. ಒಡಹುಟ್ಟಿದವರ ಎಚ್‌ಎಲ್‌ಎ (ಒಬ್ಬರ ಕೋಶ ಇನ್ನೊಬ್ಬರ ದೇಹಕ್ಕೆ ಒಗ್ಗುತ್ತಾ ಅಂತ ತೋರಿಸುವ ಗುರುತು) ಪೂರ್ತಿ ಹೊಂದುವ ಸಾಧ್ಯತೆ 4ರಲ್ಲಿ 1. ಹೆರಿಗೆಗೆ ಮೊದಲೇ ರಕ್ತರೋಗ ತಜ್ಞರನ್ನು ಕಾಣಿ.

ಇನ್ನೊಂದು, ರಕ್ತ ಸಂಗ್ರಹಿಸುವ ಚೀಲ ತುಂಬಿಸೋ ಆತುರಕ್ಕೆ ಬಳ್ಳಿಗೆ ಬೇಗ ಕ್ಲಾಂಪ್ (ಬಳ್ಳಿ ಬಿಗಿಯುವ ಚಿಮಟ) ಹಾಕಿಸಬೇಡಿ. ಮಗು ಚೆನ್ನಾಗಿದ್ದರೆ 1ರಿಂದ 3 ನಿಮಿಷ ಬಿಡಲು ಡಾಕ್ಟರಿಗೆ ಈಗಲೇ ಹೇಳಿಡಿ. ಆಗ ಬಳ್ಳಿಯಿಂದ ಮಗುವಿಗೆ ಹರಿಯೋ ರಕ್ತದ ಕಬ್ಬಿಣಾಂಶ ಮಗುವಿಗೆ ತಿಂಗಳುಗಟ್ಟಲೆ ಬರುತ್ತದೆ.