ಖಿನ್ನತೆ ಮೆದುಳಿನ ಸ್ಕ್ಯಾನ್‌ನಲ್ಲಿ ಕಾಣುತ್ತದಾ? ಅಪ್ಪನಿಗೆ ತೋರಿಸಬೇಕು

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಡಾಕ್ಟರು ಖಿನ್ನತೆ ಅಂದಿದ್ದಾರೆ, ಅಪ್ಪ ಮೈಗಳ್ಳತನ ಅನ್ನುತ್ತಾರೆ. ಖಿನ್ನತೆ ಇರುವವರ ಮೆದುಳಿನಲ್ಲಿ ಸಂಪರ್ಕಗಳು ಸಡಿಲವಾಗಿರುತ್ತವೆ, ಡಿಟಿಐ ಅನ್ನೋ ಎಂಆರ್‌ಐ ಮಾಡಿದರೆ ಅದು ಕಾಣುತ್ತದೆ ಅಂತ ಓದಿದ್ದೀರಿ. ಬೆಂಗಳೂರಿನಲ್ಲಿ ಅದನ್ನು ಮಾಡಿಸಿ ಅಪ್ಪನ ಮುಂದೆ ಇಟ್ಟರೆ ನಂಬುತ್ತಾರಾ ಅಂತ ಕೇಳಿದ್ದೀರಿ.

ಬೇಡ, ಮಾಡಿಸಬೇಡಿ. ದುಡ್ಡು ದಂಡ ಅನ್ನೋದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ ಇದೆ.

ನಾನು ಡಾಕ್ಟರಲ್ಲ. ಹನ್ನೊಂದು ವರ್ಷದಿಂದ ಇದೇ ಊರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ತಲೆಯನ್ನು ಕಾಯಿಲ್ ಒಳಗೆ ಕೂರಿಸಿ, ಎರಡೂ ಪಕ್ಕ ಸ್ಪಂಜು ತುರುಕಿ, ಕೈಗೆ ಬೆಲ್ಲಿನ ರಬ್ಬರ್ ಉಂಡೆ ಕೊಟ್ಟು, "ಅಲ್ಲಾಡಬೇಡಿ" ಅಂತ ಹೇಳಿ ಗಾಜಿನ ಆಚೆ ಹೋಗುತ್ತಾರಲ್ಲ, ಅವನೇ ನಾನು. ಡಿಟಿಐ ಶುರುವಾದರೆ ಟೇಬಲ್ಲೇ ಗಡಗಡ ನಡುಗುತ್ತದೆ. ಮಲಗಿದವರು ಮಿಷನ್ ಕೆಟ್ಟಿತು ಅಂದುಕೊಂಡು ಬೆಲ್ ಒತ್ತುವುದು ಆಗಲೇ ಜಾಸ್ತಿ.

ಅದು ಅಳೆಯುವುದು ಏನನ್ನು? ದೀಪದ ಬತ್ತಿ ನೋಡಿ. ಎಣ್ಣೆ ನೂಲಿನ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಅಡ್ಡಕ್ಕೆ ಅಷ್ಟು ಸಲೀಸಲ್ಲ. ಮೆದುಳಿನ ಬಿಳಿ ಭಾಗದಲ್ಲಿ ನರತಂತುಗಳು ಹೀಗೇ ಕಟ್ಟುಕಟ್ಟಾಗಿ ಇವೆ, ಅಲ್ಲಿಯ ನೀರೂ ತಂತುವಿನ ಉದ್ದಕ್ಕೇ ಜಾಸ್ತಿ ಓಡಾಡುತ್ತದೆ. ಸ್ಕ್ಯಾನರ್‌ಗೆ ತಂತು ಕಾಣುವುದಿಲ್ಲ. ನೀರು ಯಾವ ಕಡೆಗೆ ಸಲೀಸಾಗಿ ಹೋಗುತ್ತಿದೆ ಅಂತ ಹತ್ತಾರು ದಿಕ್ಕಿನಲ್ಲಿ ಅಳೆದು, ತಂತು ಹೀಗಿರಬೇಕು ಅಂತ ಲೆಕ್ಕ ಹಾಕುತ್ತದೆ. 1994ರಲ್ಲಿ ಬಾಸರ್, ಮಟ್ಟಿಯೆಲ್ಲೊ, ಲೆ ಬಿಹಾನ್ ಅನ್ನುವ ಮೂವರು ಈ ಲೆಕ್ಕ ಕೊಟ್ಟರು. ಅದರಿಂದ ಬರುವ ಮುಖ್ಯ ಅಂಕಿ ಎಫ್‌ಎ. ನೀರು ಎಲ್ಲ ಕಡೆಗೂ ಒಂದೇ ಸಮ ಹೋದರೆ 0, ಒಂದೇ ದಿಕ್ಕಿಗೆ ಹೋದರೆ 1ರ ಹತ್ತಿರ.

ನೀವು ನೋಡಿರುವ ಬಣ್ಣಬಣ್ಣದ ಚಿತ್ರ ಇದರದ್ದೇ. ಆ ಬಣ್ಣಕ್ಕೂ ಕಾಯಿಲೆಗೂ ಸಂಬಂಧವಿಲ್ಲ. ಕೆಂಪು ಅಂದರೆ ಎಡಬಲಕ್ಕೆ ಹೋಗುವ ತಂತು, ಹಸಿರು ಹಿಂದುಮುಂದಕ್ಕೆ, ನೀಲಿ ಮೇಲೆಕೆಳಗೆ. ಕನ್ಸೋಲ್ ಹತ್ತಿರ ಬಂದು ಇಣುಕಿದವರೆಲ್ಲ ನಡುವಿನ ದಪ್ಪ ಕೆಂಪು ಪಟ್ಟಿ ತೋರಿಸಿ "ಇದಾ ಡ್ಯಾಮೇಜ್?" ಅಂತ ಕೇಳುತ್ತಾರೆ. ಅದು ಕಾರ್ಪಸ್ ಕಲೋಸಮ್, ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಸೇತುವೆ. ನಿಮ್ಮಪ್ಪನನ್ನು ಮಲಗಿಸಿದರೂ ಅದು ಕೆಂಪಗೇ ಬರುತ್ತದೆ.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಎನಿಗ್ಮಾ ಅನ್ನೋ ಅಂತರರಾಷ್ಟ್ರೀಯ ಗುಂಪು 2020ರ ಹೊತ್ತಿಗೆ ಖಿನ್ನತೆ ಇರುವ 1,305 ಜನರ, ಇಲ್ಲದ 1,602 ಜನರ ಇಂಥ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿತು. ವಯಸ್ಕರಲ್ಲಿ 25 ತಂತುಕಟ್ಟುಗಳ ಪೈಕಿ 16ರಲ್ಲಿ ಎಫ್‌ಎ ಕಡಿಮೆ ಇತ್ತು. ಕಾರ್ಪಸ್ ಕಲೋಸಮ್, ಕೊರೋನಾ ರೇಡಿಯೇಟಾ ಎರಡರಲ್ಲಿ ಹೆಚ್ಚು ಎದ್ದು ಕಂಡಿತು. ಆದರೆ ಎಷ್ಟು ಕಡಿಮೆ? ಅಲ್ಲೇ ಇರುವುದು ವಿಷಯ. ಮಲ್ಲೇಶ್ವರದವರ ಸರಾಸರಿ ಎತ್ತರ ಜಯನಗರದವರಿಗಿಂತ ಒಂದು ಸೆಂಟಿಮೀಟರ್ ಕಡಿಮೆ ಅಂದುಕೊಳ್ಳಿ. ಸಾವಿರಾರು ಜನರನ್ನು ಅಳೆದರೆ ಆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಆದರೆ ಹಸಿರು ಮಾರ್ಗದ ಮೆಟ್ರೋದಲ್ಲಿ ಪಕ್ಕ ನಿಂತವರ ಎತ್ತರ ನೋಡಿ, ಇವರು ಸಂಪಿಗೆ ರೋಡಿನಲ್ಲಿ ಇಳಿಯುತ್ತಾರೆ ಅಂತ ಹೇಳೋಕಾಗುತ್ತಾ? ಎಫ್‌ಎ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ.

2022ರಲ್ಲಿ ಜರ್ಮನಿಯ ಸಂಶೋಧಕರು ಇದನ್ನೇ ನೇರವಾಗಿ ಪರೀಕ್ಷೆ ಮಾಡಿದರು. 1,809 ಜನ, ಡಿಟಿಐ ಸೇರಿ ಬೇರೆ ಬೇರೆ ಬಗೆಯ ಸ್ಕ್ಯಾನ್. ಒಂದೊಂದು ಅಳತೆ ಹಿಡಿದು ಇವರಿಗೆ ಖಿನ್ನತೆ ಇದೆಯಾ ಇಲ್ಲವಾ ಅಂತ ಗುರುತಿಸಲು ಹೋದರೆ, ಅತಿ ಚೆನ್ನಾಗಿ ಬಂದದ್ದೇ ನೂರಕ್ಕೆ 54ರಿಂದ 56 ಸರಿ. ಸುಮ್ನೆ ನಾಣ್ಯ ಚಿಮ್ಮಿದರೂ 50 ಬರುತ್ತದೆ ಅಲ್ವಾ?

ಇನ್ನು ನನ್ನ ಕೆಲಸದ ಕಡೆಯ ತಾಪತ್ರಯಗಳು. ಚಿತ್ರದ ಒಂದು ಚುಕ್ಕಿ ಅಂದರೆ ಸುಮಾರು 2 ಮಿಲಿಮೀಟರ್, ಒಂದು ರಾಗಿಕಾಳಿನಷ್ಟು ಜಾಗ. ಅಷ್ಟರಲ್ಲೇ ಲಕ್ಷಗಟ್ಟಲೆ ತಂತುಗಳು. ಸೀರೆಯ ಹಾಸುಹೊಕ್ಕಿನ ಹಾಗೆ ಎರಡು ಕಟ್ಟುಗಳು ಅಲ್ಲಿ ಅಡ್ಡ ಹಾಯ್ದರೆ, ಎರಡೂ ಗಟ್ಟಿಯಾಗಿದ್ದರೂ ಎಫ್‌ಎ ಕಡಿಮೆ ಬರುತ್ತದೆ. ವಯಸ್ಸಾದರೆ ಕಡಿಮೆ, ಬಿಪಿ ಇದ್ದರೂ ಕಡಿಮೆ. ತಲೆ ಒಂದಿಷ್ಟು ಅಲ್ಲಾಡಿದರೂ ಅಂಕಿ ಕೆಡುತ್ತದೆ. ಗೆಡ್ಡೆ ಆಪರೇಷನ್‌ಗೆ ಮುಂಚೆ ಮುಖ್ಯವಾದ ಕಟ್ಟು ಎಲ್ಲಿ ಹಾದು ಹೋಗಿದೆ ನೋಡಲು ಡಿಟಿಐ ತುಂಬ ಉಪಯೋಗಕ್ಕೆ ಬರುತ್ತದೆ. ನಿಮ್ಮ ಮನಸ್ಸಿನ ಭಾರ ಅಳೆಯಲು ಅಲ್ಲ.

ಈಗ ದೊಡ್ಡ ಕಾರಣ. ಕೆಲವು ವರ್ಷದ ಹಿಂದೆ, ಆಗ ನಾನಿದ್ದ ಸೆಂಟರ್‌ಗೆ ಇಪ್ಪತ್ತೆರಡರ ಒಬ್ಬ ಹುಡುಗ ಬಂದಿದ್ದ, ಜೊತೆಗೆ ದೊಡ್ಡಪ್ಪ. ಸ್ಕ್ಯಾನ್ ಮುಗಿಸಿ ಇಳಿಯುವಾಗ "ಸರ್, ಏನಾದ್ರೂ ಕಾಣಿಸ್ತಾ?" ಅಂದ. ಏನಾದರೂ ಕಾಣಲಿ ಅಂತಲೇ ಕೇಳಿದ ಹಾಗಿತ್ತು. ಸಂಜೆ ರಿಪೋರ್ಟ್ ಬಂತು, ನಾರ್ಮಲ್. ದೊಡ್ಡಪ್ಪ ಕಾರಿಡಾರಿನಲ್ಲೇ ಕವರ್ ಹರಿದು ಕೊನೆಯ ಸಾಲು ಜೋರಾಗಿ ಓದಿ, "ನೋಡಿದ್ಯಾ, ಏನೂ ಇಲ್ವಂತೆ. ನಾಳೆಯಿಂದ ಅಂಗಡಿಗೆ ಬಾ" ಅಂದರು. ಹುಡುಗ ನೀರಿನ ಕ್ಯಾನ್ ಹತ್ತಿರ ನಿಂತಿದ್ದ. ಲೋಟ ತುಂಬಿ ಕೈಮೇಲೆ ಚೆಲ್ಲುತ್ತಿದ್ದರೂ ನಲ್ಲಿ ಬಿಟ್ಟಿರಲಿಲ್ಲ.

ನಿಮ್ಮ ರಿಪೋರ್ಟೂ ಬಹುತೇಕ ನಾರ್ಮಲ್ಲೇ ಬರುತ್ತದೆ. ಆಮೇಲೆ ಅದು ನಿಮ್ಮಪ್ಪನ ಕೈಯಲ್ಲಿರುತ್ತದೆ, ನಿಮ್ಮ ಕೈಯಲ್ಲಲ್ಲ.

ಅವರಿಗೆ ಹೇಳುವುದಾದರೆ ಇದನ್ನು ಹೇಳಿ ನೋಡಿ. ನಮ್ಮಪ್ಪನಿಗೆ ಇಪ್ಪತ್ತು ವರ್ಷದಿಂದ ಅರೆತಲೆನೋವು. ಅವರನ್ನು ನಾನೇ ಸ್ಕ್ಯಾನ್ ಮಾಡಿದ್ದೇನೆ, ಏನೂ ಇಲ್ಲ. ಆದರೆ ನೋವು ಬಂದ ದಿನ ಕಿಟಕಿ ಮುಚ್ಚಿ, ತಲೆಗೆ ಟವೆಲ್ ಬಿಗಿದು ಮಲಗುತ್ತಾರೆ. ಅದನ್ನು ಮೈಗಳ್ಳತನ ಅಂತ ನಮ್ಮ ಮನೆಯಲ್ಲಿ ಯಾರೂ ಅಂದಿಲ್ಲ. ಖಿನ್ನತೆಯನ್ನೂ ಡಾಕ್ಟರು ಮಾತಾಡಿಸಿಯೇ ಗುರುತಿಸುವುದು: ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ, ಊಟ, ಸುಸ್ತು, ಇಂಥವು. ಥೈರಾಯ್ಡ್, ಬಿ12 ರಕ್ತಪರೀಕ್ಷೆ ಬರೆಯಬಹುದು.

ಸ್ಕ್ಯಾನ್ ಬದಲು ಅಪ್ಪನನ್ನೇ ಒಂದು ಸಲ ಡಾಕ್ಟರ ಮುಂದೆ ಕೂರಿಸಿ. "ಅವರ ಜೊತೆ ಬೇರೆಯಾಗಿ ಮಾತಾಡಿ" ಅಂತ ನೀವೇ ಮೊದಲು ಕೇಳಿಕೊಳ್ಳಿ. ಈಗಿನ ಡಾಕ್ಟರು ಸರಿಹೋಗದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಅಪ್ಪ ಆಸ್ಪತ್ರೆಗೆ ಬರಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಮನೆಯವರೂ ಫೋನ್ ಮಾಡಬಹುದು. ಬದುಕೇ ಬೇಡ ಅನ್ನಿಸುವಷ್ಟು ಆಗಿದ್ದರೆ ಇದನ್ನು ಓದುವುದು ನಿಲ್ಲಿಸಿ ಈಗಲೇ ಆ ನಂಬರಿಗೆ ಫೋನ್ ಮಾಡಿ.

ಒಂದು ವೇಳೆ ತಲೆನೋವು, ಫಿಟ್ಸ್ ಅಂತ ಬೇರೆ ಅನುಮಾನಕ್ಕೆ ನಿಮ್ಮ ಡಾಕ್ಟರೇ ಎಂಆರ್‌ಐ ಬರೆದಿದ್ದರೆ ಮಾಡಿಸಿ, ಅದು ಬೇರೆ ಮಾತು. ಆದರೆ ಕವರ್ ಕಾರಿಡಾರಿನಲ್ಲಿ ಬಿಚ್ಚಬೇಡಿ. ನೆಟ್ಟಗೆ ಡಾಕ್ಟರ ಟೇಬಲ್ಲಿಗೆ ತಗೊಂಡು ಹೋಗಿ.